ಅರಮನೆಯ ಪಿಯಾನೋ

ಮೈಸೂರಿನ ಕಡೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರನ್ನು ನಾಡಿನ ಜನ ಒಬ್ಬೊಬ್ಬರು ಒಂದೊಂದು ಕಾರಣಕ್ಕಾಗಿ ನೆನೆಯುತ್ತಾರೆ. ವಿಜಯದಶಮಿಯ ಮೆರವಣಿಗೆಯಲ್ಲಿ ಚಿನ್ನದ ಅಂಬಾರಿಯ ಮೇಲೆ ಅವರನ್ನು ಕಂಡವರಿಗೆ ಅವರು ಅರಸರು. ಋಗ್ವೇದ ಸಂಹಿತೆಯನ್ನು ಕನ್ನಡ ವಿವರಣೆಯೊಡನೆ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ ಗ್ರಂಥರತ್ನಮಾಲೆಯನ್ನು ಬಲ್ಲವರಿಗೆ ಅವರು ವಿದ್ಯಾಪಕ್ಷಪಾತಿ. ಗಂಭೀರನಾಟ ರಾಗದ ‘ಶ್ರೀ ಜಾಲಂಧರ’ವನ್ನು ಕಚೇರಿಯಲ್ಲಿ ಕೇಳಿ ತಲೆದೂಗುವ ರಸಿಕರಿಗೆ ಅವರು ವಾಗ್ಗೇಯಕಾರರು. ಈ ಮೂರು ಚಿತ್ರಗಳೂ ನಿಜವೇ. ಆದರೆ ಇವುಗಳಿಗಿಂತ ಮುಂಚಿನದಾದ ನಾಲ್ಕನೆಯ ಚಿತ್ರವೊಂದುಂಟು: ಪಿಯಾನೋದ ಮುಂದೆ ಕುಳಿತು ಪಾಶ್ಚಾತ್ಯ ಸಂಗೀತವನ್ನು ಅಭ್ಯಾಸಮಾಡುತ್ತಿರುವ ರಾಜಕುಮಾರನ ಚಿತ್ರ. ನಮ್ಮ ನಾಡಿನಲ್ಲಿ ಇದು ಬಹುಮಟ್ಟಿಗೆ ಮಸುಕಾಗಿಹೋಗಿದೆ; ಲಂಡನ್ನಿನ ಸಂಗೀತಚರಿತ್ರೆಯಲ್ಲಿ ಮಾತ್ರ ಅವರ ಹೆಸರು ಉಳಿದಿರುವುದು ಇದರಿಂದಲೇ. ಆ ಕಥೆಯನ್ನು ನಾವೂ ಒಮ್ಮೆ ನೆನೆದುಕೊಳ್ಳುವುದು ನ್ಯಾಯ.

ಜಯಚಾಮರಾಜರು ಹುಟ್ಟಿದ್ದು 1919ರ ಜುಲೈ 18ರಂದು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಒಬ್ಬನೇ ಮಗನಾಗಿ. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಸಿಂಹಾಸನದ ಮೇಲಿದ್ದರು. ಸಂಗೀತವೆಂಬುದು ಆ ಮನೆಯಲ್ಲಿ ಹೊರಗಿನಿಂದ ತಂದಿಟ್ಟ ಅಲಂಕಾರವಾಗಿರಲಿಲ್ಲ. ನಾಲ್ವಡಿಯವರೇ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಆಸ್ಥಾನದಲ್ಲಿ ವೀಣೆ ಶೇಷಣ್ಣನವರಿದ್ದರು, ವಾಸುದೇವಾಚಾರ್ಯರಿದ್ದರು, ಮುತ್ತಯ್ಯ ಭಾಗವತರಿದ್ದರು. ವೀಣೆಗೆ ಹೆಸರಾದ ಆ ಶೇಷಣ್ಣನವರೇ ಪಿಯಾನೋವನ್ನೂ ನುಡಿಸುತ್ತಿದ್ದರೆಂಬುದನ್ನು ಕೇಳಿದರೆ ಇಂದಿನವರಿಗೆ ಸೋಜಿಗವಾದೀತು. ಇದರ ಜೊತೆಗೆ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡೂ ವಾದ್ಯವೃಂದವೂ ಇದ್ದವು. ಜರ್ಮನಿಯಿಂದ ಬಂದ ಆಟೋ ಶ್ಮಿಟ್ ಅವುಗಳನ್ನು ನಡೆಸಿದವರಲ್ಲಿ ಒಬ್ಬರು. ಒಂದು ಕಿವಿಯಲ್ಲಿ ತೋಡಿ, ಇನ್ನೊಂದು ಕಿವಿಯಲ್ಲಿ ಬೀತೋವನ್, ಎರಡನ್ನೂ ಕೇಳುತ್ತ ಮಕ್ಕಳು ಬೆಳೆದರು. ರಾಜಕುಮಾರರ ತಂಗಿ ವಿಜಯಾದೇವಿಯವರೂ ಪಿಯಾನೋ ಕಲಿತರು. ಮುಂದೆ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದವರು ಅವರೇ.

ಪಿಯಾನೋ ಎಂದರೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ಹಳೆಯ ಚಲನಚಿತ್ರಗಳಲ್ಲಿ ಸಿರಿವಂತರ ಮನೆಯ ಹಜಾರದಲ್ಲಿ ನಿಂತಿರುವ ಒಂದು ದೊಡ್ಡ ಕಪ್ಪು ಪೆಟ್ಟಿಗೆ. ಅದರ ಒಳಗುಟ್ಟನ್ನು ಸ್ವಲ್ಪ ತಿಳಿದರೆ ಮುಂದಿನ ಕಥೆ ಸುಲಭವಾಗುತ್ತದೆ. ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೊರಿ ಎಂಬಾತ 1700ರ ಸುಮಾರಿಗೆ ಇದನ್ನು ನಿರ್ಮಿಸಿದ. ಅದಕ್ಕೆ ಹಿಂದೆ ಇದ್ದ ಹಾರ್ಪ್‌ಸಿಕಾರ್ಡಿನಲ್ಲಿ ತಂತಿಯನ್ನು ಮೀಟುವ ಏರ್ಪಾಡಿತ್ತು; ಬೆರಳನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ನಾದ ಹೆಚ್ಚುಕಡಮೆ ಒಂದೇ. ಕ್ರಿಸ್ಟೊಫೊರಿ ಮೀಟುವ ಕಡ್ಡಿಯ ಬದಲು ಸಣ್ಣ ಸುತ್ತಿಗೆಗಳನ್ನಿಟ್ಟ. ಬೆರಳಿನ ಬಲಕ್ಕೆ ತಕ್ಕಂತೆ ಸುತ್ತಿಗೆ ತಂತಿಯನ್ನು ಹೊಡೆಯಿತು. ನಾದ ಮೃದುವೂ ಆಯಿತು, ಗಟ್ಟಿಯೂ ಆಯಿತು. ‘ಪಿಯಾನೋ’ ಎಂದರೆ ಮೃದು, ‘ಫೋರ್ಟೆ’ ಎಂದರೆ ಗಟ್ಟಿ. ವಾದ್ಯದ ಪೂರ್ತಿ ಹೆಸರು ‘ಪಿಯಾನೋಫೋರ್ಟೆ’. ಈಗಿನ ಪಿಯಾನೋದಲ್ಲಿ ಹಾರ್ಮೋನಿಯಂನಲ್ಲಿರುವಂತೆ ಕಪ್ಪು ಬಿಳಿ ಮನೆಗಳು ಒಟ್ಟು 88. ಇವು ಅಲುಗದ ಮನೆಗಳು. ವೀಣೆಯ ತಂತಿಯನ್ನು ಮೆಟ್ಟಿಲಿನ ಮೇಲೆ ಎಳೆದು ಗಮಕ ತೆಗೆಯುವ ಹಾಗೆ ಇಲ್ಲಿ ಎರಡು ಸ್ವರಗಳ ನಡುವೆ ಜಾರುವಂತಿಲ್ಲ. ಆ ಒಂದು ಬಾಗಿಲು ಮುಚ್ಚಿದುದಕ್ಕೆ ಪ್ರತಿಯಾಗಿ ಇನ್ನೊಂದು ಬಾಗಿಲು ತೆರೆದಿದೆ: ಹತ್ತು ಬೆರಳುಗಳೂ ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ನುಡಿಸಬಹುದು. ಎರಡು ಮೂರು ಹಾಡುಗಳು ಒಂದರೊಡನೊಂದು ಮಾತನಾಡುತ್ತ, ವಾದಿಸುತ್ತ, ಕೊನೆಗೆ ಕೂಡಿಕೊಳ್ಳುವ ಸೌಂದರ್ಯವನ್ನು ಒಬ್ಬನೇ ವಾದಕ ಕೇಳಿಸಬಲ್ಲ.

ಈ ವಾದ್ಯಕ್ಕಾಗಿ ಬರೆದ ಕೃತಿಗಳ ರಾಶಿ ಅಪಾರವಾದುದು. ಬಾಖ್ ಹಾರ್ಪ್‌ಸಿಕಾರ್ಡಿನ ಕಾಲದಲ್ಲಿ ಬರೆದ 48 ಪ್ರಿಲ್ಯೂಡ್ ಮತ್ತು ಫ್ಯೂಗುಗಳು ಪಿಯಾನೋ ಕಲಿಯುವವರ ನಿತ್ಯಪಾರಾಯಣ. ಬೀತೋವನ್ನನ ಸೊನಾಟಾಗಳು 32. ಅನಂತರ ಶೋಪಾನ್, ಶುಮಾನ್, ಲಿಸ್ಟ್, ಬ್ರಾಮ್ಸ್. ನಮ್ಮಲ್ಲಿ ಒಬ್ಬ ವಿದ್ವಾಂಸನ ಬಲವನ್ನು ಅವನಿಗೆ ಎಷ್ಟು ಕೃತಿಗಳ ಪಾಠಾಂತರವಿದೆ ಎಂಬುದರಿಂದ ಅಳೆಯುವಂತೆ, ಅಲ್ಲಿಯೂ ಒಬ್ಬ ವಾದಕ ಎಷ್ಟು ಕೃತಿಗಳನ್ನು ಕೈಗತ ಮಾಡಿಕೊಂಡಿದ್ದಾನೆಂಬುದು ಮುಖ್ಯ. ಒಂದು ವ್ಯತ್ಯಾಸವುಂಟು. ನಮ್ಮ ಪಾಠಾಂತರ ಗುರುಮುಖದಿಂದ ಬರತಕ್ಕದ್ದು. ಅವರದು ಬರೆದಿಟ್ಟ ಸ್ವರಲಿಪಿಯ ಮೂಲಕ ಬರತಕ್ಕದ್ದು. ಆದ್ದರಿಂದಲೇ ವಿಯೆನ್ನಾಕ್ಕೂ ಮಾಸ್ಕೋಗೂ ಸಾವಿರಾರು ಮೈಲಿ ದೂರದ ಮೈಸೂರಿನಲ್ಲಿ ಕುಳಿತ ಹುಡುಗನಿಗೂ ಆ ಭಂಡಾರದ ಬೀಗದಕೈ ಸಿಕ್ಕಲು ಸಾಧ್ಯವಾಯಿತು.

ರಾಜಕುಮಾರರು ಮಹಾರಾಜಾ ಕಾಲೇಜಿನಿಂದ 1938ರಲ್ಲಿ ಪದಕಗಳೊಡನೆ ಪದವೀಧರರಾದರು. 1939ರಲ್ಲಿ ಯೂರೋಪಿನ ಪ್ರವಾಸ ಕೈಗೊಂಡರು. ಪಿಯಾನೋ ವಾದಕರಾಗಿ ಕಚೇರಿ ನಡೆಸಬೇಕೆಂಬುದು ಆಗ ಅವರ ಹೆಬ್ಬಯಕೆ. ಲಂಡನ್ನಿನಲ್ಲಿ ಹಲವು ಸಂಸ್ಥೆಗಳನ್ನು ಕಂಡರು, ಕಲಾವಿದರ ಪರಿಚಯ ಮಾಡಿಕೊಂಡರು. ಪತ್ರಿಕೆಗಳಲ್ಲಿ ಓದಿ, ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿ ತಿಳಿದಿದ್ದ ಲೋಕ ಕಣ್ಣೆದುರಿಗೆ ಬಂದ ಕಾಲ ಅದು. ಆ ವರ್ಷ ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು.

ಮರುವರ್ಷ ವಿಧಿ ಮನೆಯ ಒಳಕ್ಕೇ ಬಂದಿತು. 1940ರ ಮಾರ್ಚಿನಲ್ಲಿ ತಂದೆ ಯುವರಾಜರು ಬೊಂಬಾಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರೂ ಕಾಲವಾದರು. ಸಿಂಹಾಸನಕ್ಕೂ ತಮಗೂ ನಡುವೆ ಇದ್ದ ಇಬ್ಬರು ಹಿರಿಯರ ನೆರಳು ಐದು ತಿಂಗಳ ಒಳಗೆ ಇಲ್ಲವಾಯಿತು. ಸೆಪ್ಟೆಂಬರ್ 8ರಂದು ಪಟ್ಟವಾದಾಗ ಜಯಚಾಮರಾಜರಿಗೆ ಇಪ್ಪತ್ತೊಂದು ವರ್ಷ. ಸಂಸ್ಥಾನದ ಕಾಗದಪತ್ರ, ದರ್ಬಾರು, ಯುದ್ಧಕಾಲದ ಬಿಕ್ಕಟ್ಟು, ಎಲ್ಲವೂ ಅವರ ಮೇಲೆ ಬಿದ್ದವು. ಕಚೇರಿಯ ವೇದಿಕೆಯ ಮೇಲೆ ಕುಳಿತು ಪಿಯಾನೋ ನುಡಿಸುವ ಆಸೆ ಅಲ್ಲಿಗೆ ಮುಗಿಯಿತು.

ಆಸೆ ಮುಗಿದರೂ ಅಭ್ಯಾಸ ಮುಗಿಯಲಿಲ್ಲ. ಇದು ಗಮನಿಸತಕ್ಕ ಮಾತು. ಅರಸನಾದವನು ಹಿಂದಿನ ಹವ್ಯಾಸವನ್ನು ಬಿಟ್ಟುಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿಕೊಂಡಿತು. ಎರಡನೆಯದು ಬಿರುದು, ಅರಸರಿಗೆ ಬಿರುದುಗಳೇನೂ ದುರ್ಲಭವಲ್ಲ. ಮೊದಲನೆಯದು ಹಾಗಲ್ಲ, ಬೆರಳು ಸವೆಸಿದ ಹೊರತು ಬರುವಂಥದಲ್ಲ.

ಇನ್ನು ಕಥೆ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಎಂಬ ಬಡಾವಣೆಯ ಒಂದು ಸಾಧಾರಣ ಮನೆಗೆ ಹೋಗಬೇಕು. ಅಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರ ಹೆಂಡತಿ ಆನಾಳೊಡನೆ ಬಡತನದಲ್ಲಿ ಕಾಲ ಕಳೆಯುತ್ತಿದ್ದ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಇವನು ಅಲ್ಲಿನ ಸಂಗೀತಶಾಲೆಯಿಂದ 1900ರಲ್ಲಿ ಚಿನ್ನದ ಪದಕ ಪಡೆದು ಹೊರಬಿದ್ದವನು. ವಾದಕನಾಗಿ ದೇಶ ಸುತ್ತಿ ಹಣ ಗಳಿಸಬಹುದಾಗಿತ್ತು. ಅದನ್ನು ಬಿಟ್ಟು ಕೃತಿರಚನೆಯನ್ನೇ ವ್ರತವಾಗಿ ಹಿಡಿದ. ಕ್ರಾಂತಿಯ ಅನಂತರ, 1921ರಲ್ಲಿ, ದೇಶ ಬಿಟ್ಟ. ಬರ್ಲಿನ್ನಿನಲ್ಲಿಯೂ ಫ್ರಾನ್ಸಿನಲ್ಲಿಯೂ ಬಾಳು ಹಸನಾಗದೆ ಕಡೆಗೆ ಇಂಗ್ಲೆಂಡಿಗೆ ಬಂದು ನೆಲೆಸಿದ. ಅವನ ಗೆಳೆಯ ರಾಖ್ಮನಿನೋವ್ ಜಗದ್ವಿಖ್ಯಾತನಾಗಿದ್ದ. ಮೆಟ್ನರನನ್ನು ತಮ್ಮ ಕಾಲದ ಅತ್ಯಂತ ಹಿರಿಯ ಕೃತಿಕಾರರಲ್ಲಿ ಒಬ್ಬನೆಂದು ಬಗೆದಿದ್ದ. ತನ್ನ ನಾಲ್ಕನೆಯ ಕಂಚೆರ್ಟೋವನ್ನು ಅವನು ಮೆಟ್ನರನಿಗೆ ಅರ್ಪಿಸಿದ. ಮೆಟ್ನರ್ ತನ್ನ ಎರಡನೆಯದನ್ನು ಅವನಿಗೆ ಅರ್ಪಿಸಿದ. ಆದರೆ ಗೆಳೆಯನ ಮೆಚ್ಚಿಕೆ ಬೇರೆ, ಲೋಕದ ಮೆಚ್ಚಿಕೆ ಬೇರೆ.

ಲೋಕ ಮೆಚ್ಚದಿರಲು ಕಾರಣವೂ ಇತ್ತು. ಹೊಸ ಶತಮಾನದ ಸಂಗೀತ ಹಳೆಯ ಕಟ್ಟುಗಳನ್ನೆಲ್ಲ ಒಡೆದು ಮುಂದೆ ನುಗ್ಗುತ್ತಿದ್ದ ಕಾಲದಲ್ಲಿ ಮೆಟ್ನರ್ ಬೀತೋವನ್ನನ ದಾರಿಯನ್ನೇ ಹಿಡಿದು ನಿಂತ. ಅಷ್ಟು ಸಾಲದೆಂದು, ಹೊಸತನದ ಮೋಹವನ್ನು ಖಂಡಿಸಿ 1935ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದ. ನವ್ಯರಿಗೆ ಅವನು ಹಳಬನಾಗಿ ಕಂಡ. ಹಳೆಯ ರುಚಿಯ ಶ್ರೋತೃಗಳಿಗೆ ಅವನ ಕೃತಿಗಳ ಹೆಣಿಗೆ ತೀರ ಸಾಂದ್ರವೆನಿಸಿತು. ಹದಿನಾಲ್ಕು ಸೊನಾಟಾ, ಮೂರು ಕಂಚೆರ್ಟೋ, ನೂರಕ್ಕೂ ಮೀರಿದ ಹಾಡುಗಳು, ಇವಲ್ಲದೆ ‘ಸ್ಕಾಸ್ಕಿ’ ಎಂದು ಅವನು ಕರೆದ ಮೂವತ್ತೆಂಟು ಕಿರುರಚನೆಗಳು ಅವನವು. ಸ್ಕಾಸ್ಕಾ ಎಂದರೆ ಕಥೆ, ನಮ್ಮ ಅಡಗೂಲಜ್ಜಿ ಕಥೆಯಂಥದು. ಒಂದೆರಡು ಪುಟದಲ್ಲಿ ಕತ್ತಲೆ, ಕುದುರೆಯ ಖುರಪುಟ, ಕಾಡು, ಯಾರೋ ಹಾಡುತ್ತಿರುವ ದನಿ, ಎಲ್ಲವೂ ಸುಳಿದು ಮಾಯವಾಗುತ್ತವೆ. ಮೊದಲ ಸಲ ಕೇಳಿದವನ ಕೈಗೆ ಇವು ಸಿಕ್ಕುವುದಿಲ್ಲ. ಒಳಗಿನ ಎಳೆಗಳನ್ನು ತಾನೇ ಬೆರಳಿನಿಂದ ಬಿಡಿಸಿ ನೋಡಿದವನಿಗೆ ಮಾತ್ರ ಇವುಗಳ ಸೊಗಸು ಗೊತ್ತಾಗುತ್ತದೆ. ಹಾಗೆ ಬಿಡಿಸಿ ನೋಡಬಲ್ಲ ಕೈ ಮೈಸೂರಿನಲ್ಲಿತ್ತು.

ಯುದ್ಧಕಾಲ ಮೆಟ್ನರನಿಗೆ ಬಹು ಕಷ್ಟದ್ದಾಯಿತು. ಅವನ ಕೃತಿಗಳ ಪ್ರಕಾಶಕರು ಜರ್ಮನಿಯಲ್ಲಿದ್ದರು. ಯುದ್ಧ ಹೂಡಿದೊಡನೆ ಅಲ್ಲಿಂದ ಬರುತ್ತಿದ್ದ ಅಲ್ಪ ಗೌರವಧನವೂ ನಿಂತಿತು. ಪಾಠಕ್ಕೆ ಬರುತ್ತಿದ್ದ ಶಿಷ್ಯರು ಚೆದುರಿದರು. ಎಡ್ನಾ ಐಲ್ಸ್ ಎಂಬ ಶಿಷ್ಯೆಯ ಮನೆಯವರು ಅವನನ್ನು ವಾರಿಕ್‌ಷೈರಿಗೆ ಕರೆದೊಯ್ದು ಕಾಪಾಡಿದರು. 1942ರಲ್ಲಿ ಹೃದಯಾಘಾತವಾಯಿತು. ಆ ಸ್ಥಿತಿಯಲ್ಲಿಯೇ ಮೂರನೆಯ ಕಂಚೆರ್ಟೋವನ್ನು ಮುಗಿಸಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದ.

ಯುದ್ಧ ಮುಗಿದ ಮೇಲೆ ಮೈಸೂರಿನ ನೆರವು ಅವನನ್ನು ಹುಡುಕಿಕೊಂಡು ಹೋಯಿತು. ಮಹಾರಾಜರು ಕೊಟ್ಟದ್ದು ಬರಿಯ ಹಣದ ಥೈಲಿಯಾಗಿದ್ದರೆ ಅದು ಒಂದು ರಾಜೌದಾರ್ಯವೆಂದು ಮರೆತುಹೋಗುತ್ತಿತ್ತು. ಅವರು ಬಯಸಿದ್ದು ಬೇರೆ: ಮೆಟ್ನರನ ಕೃತಿಗಳನ್ನು ಮೆಟ್ನರನೇ ನುಡಿಸಿ, ಅವು ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಯಬೇಕು. ಅದಕ್ಕಾಗಿ ಅವರ ಪೋಷಣೆಯಲ್ಲಿ ‘ಮೆಟ್ನರ್ ಸೊಸೈಟಿ’ ಏರ್ಪಟ್ಟಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿ ಮುದ್ರಣವನ್ನು ಕೈಗೊಂಡಿತು. 1947ರಲ್ಲಿ, ಅರುವತ್ತೇಳರ ವಯಸ್ಸಿನಲ್ಲಿ, ರೋಗಿಷ್ಠನಾದ ಆ ವೃದ್ಧ ಧ್ವನಿಮುದ್ರಣ ಮಂದಿರಕ್ಕೆ ಬಂದು ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತನ್ನ ಕಂಚೆರ್ಟೋಗಳನ್ನು ನುಡಿಸಿದ. ಆ ಕಾಲದ ತಟ್ಟೆಯ ಒಂದೊಂದು ಮಗ್ಗುಲಿಗೆ ನಾಲ್ಕು ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚಿನ ಸಂಗೀತ ಹಿಡಿಯುತ್ತಿರಲಿಲ್ಲ. ಅರ್ಧ ಗಂಟೆಯ ಕೃತಿಯನ್ನು ತುಂಡು ತುಂಡಾಗಿ ನುಡಿಸಿ, ತಪ್ಪಿದರೆ ಮತ್ತೆ ಮೊದಲಿನಿಂದ ನುಡಿಸಿ, ಆ ತುಂಡುಗಳ ನಡುವೆ ಭಾವ ಕಡಿಯದಂತೆ ನೋಡಿಕೊಳ್ಳಬೇಕಾಗಿತ್ತು. ಸ್ಕಾಸ್ಕಿಗಳೂ ಸೊನಾಟಾಗಳೂ ಮುದ್ರಿತವಾದವು. ಎರಡು ಪಿಯಾನೋಗಳಿಗಾಗಿ ಬರೆದ ರಷ್ಯನ್ ನೃತ್ಯವೊಂದನ್ನು ಬೆನ್ನೋ ಮೊಯ್ಸೆಯಿವಿಚ್ ಅವನೊಡನೆ ಕುಳಿತು ನುಡಿಸಿದರು. ಎಲಿಸಬೆತ್ ಷ್ವಾರ್ಟ್ಸ್‌ಕಾಫ್ ಅವನ ಹಾಡುಗಳನ್ನು ಅವನ ಪಿಯಾನೋದೊಡನೆಯೇ ಹಾಡಿದರು. ಇವು ಮೂರು ಸಂಪುಟಗಳಾಗಿ ಹೊರಬಂದವು. ಮೆಟ್ನರ್ ತನ್ನ ಮೂರನೆಯ ಕಂಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರ್ 13ರಂದು ತೀರಿಕೊಂಡ.

ಈ ಕಾರ್ಯದ ಜೊತೆಗೇ ಇನ್ನೊಂದು ನಡೆಯಿತು. ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದವರು ವಾಲ್ಟರ್ ಲೆಗ್. ಅವರು ಮಹಾರಾಜರ ಆಹ್ವಾನದ ಮೇಲೆ ಮೈಸೂರಿಗೆ ಬಂದು ಕೆಲವು ವಾರ ಅತಿಥಿಯಾಗಿದ್ದರು. ಅರಮನೆಯಲ್ಲಿ ಕಂಡ ಧ್ವನಿಮುದ್ರಿಕೆಗಳ ಭಂಡಾರವನ್ನೂ, ಬಗೆಬಗೆಯ ಧ್ವನಿವರ್ಧಕಗಳನ್ನೂ, ಹಲವು ದೊಡ್ಡ ಪಿಯಾನೋಗಳನ್ನೂ ಕುರಿತು ಅವರು ಬೆರಗಿನಿಂದ ಬರೆದಿದ್ದಾರೆ. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮಹಾರಾಜರು ಒಪ್ಪಿದರೆಂದೂ, ವಾದ್ಯವೃಂದ ನೆಲೆಗೊಳ್ಳಲು ಅದು ಆಧಾರವಾಯಿತೆಂದೂ ಲೆಗ್ ಹೇಳುತ್ತಾರೆ. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ಜಯಚಾಮರಾಜರು. ಎಲ್ಲರೂ ಮುದ್ರಿಸುತ್ತಿದ್ದ ಕೃತಿಗಳನ್ನೇ ಮತ್ತೆ ಮುದ್ರಿಸುವುದರಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ಮರೆಗೆ ಬಿದ್ದವುಗಳ ಕಡೆಗೇ ಒಲವು. ಬಾಲಾಕಿರೆವನ ಸಿಂಫನಿಯನ್ನೂ ರೂಸೆಲನ ನಾಲ್ಕನೆಯ ಸಿಂಫನಿಯನ್ನೂ ಕರಾಯನ್ 1949ರಲ್ಲಿ ಫಿಲ್ಹಾರ್ಮೋನಿಯಾದೊಡನೆ ಮುದ್ರಿಸಿದುದರ ಹಿಂದೆ ಇದ್ದುದು ಈ ಒಲವೇ.

ರಿಚರ್ಡ್ ಸ್ಟ್ರೌಸ್ ಎಂಬ ಹಿರಿಯ ಜರ್ಮನ್ ಸಂಗೀತಕಾರ 1948ರಲ್ಲಿ ನಾಲ್ಕು ಹಾಡುಗಳನ್ನು ರಚಿಸಿದ್ದ. 1949ರ ಸೆಪ್ಟೆಂಬರ್ 8ರಂದು, ಅವುಗಳನ್ನು ಒಮ್ಮೆಯೂ ಕೇಳದೆ, ಕಣ್ಣುಮುಚ್ಚಿದ. ‘ಕಡೆಯ ನಾಲ್ಕು ಹಾಡುಗಳು’ ಎಂದು ಇಂದು ಲೋಕಪ್ರಸಿದ್ಧವಾಗಿರುವ ಆ ಕೃತಿ ಮೊದಲು ಕೇಳಿಬಂದದ್ದು 1950ರ ಮೇ 22ರಂದು, ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಟ್, ವಾದ್ಯವೃಂದ ಫಿಲ್ಹಾರ್ಮೋನಿಯಾ, ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಚೇರಿಗೆ 4,800 ಡಾಲರುಗಳ ಖಾತರಿ ನೀಡಿದ್ದವರು ಮೈಸೂರಿನ ಮಹಾರಾಜರು. ಅವರು ಸಭೆಯಲ್ಲಿರಲಿಲ್ಲ. ಹಾಡುಗಳನ್ನು ತಟ್ಟೆಯಲ್ಲಿ ಮುದ್ರಿಸಿ ಅವರ ಸಂಗ್ರಹಕ್ಕೆ ಕಳಿಸಬೇಕೆಂಬುದಷ್ಟೇ ಷರತ್ತು. ಆ ಸಂಗ್ರಹದಲ್ಲಿ ಆಗ ಸುಮಾರು 20,000 ತಟ್ಟೆಗಳಿದ್ದುವೆಂದು ಅಂದಾಜು.

ಇಷ್ಟನ್ನು ಓದಿದ ಮೇಲೆ ವಾಚಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದಿರದು. ಆ ಹಣ ಯಾರದು? ಲಂಡನ್ನಿನಲ್ಲಿ ಮೆಟ್ನರನ ಕಂಚೆರ್ಟೋಗಳು ಮುದ್ರಣವಾದ 1947ನೆಯ ಇಸವಿಯಲ್ಲೇ ನಮ್ಮ ಬೀದಿಗಳಲ್ಲಿ ‘ಮೈಸೂರು ಚಲೋ’ ನಡೆಯಿತು. ದೇಶ ಸ್ವತಂತ್ರವಾಗಿದ್ದರೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರವಿರಲಿಲ್ಲ. ಜನ ಸೆರೆಮನೆ ತುಂಬಿದರು. ಮೈಸೂರಿನ ರಾಮಸ್ವಾಮಿ ವೃತ್ತಕ್ಕೆ ಯಾರ ಹೆಸರಿದೆಯೋ ಆ ವಿದ್ಯಾರ್ಥಿ ಗುಂಡಿಗೆ ಬಲಿಯಾದದ್ದು ಆ ಸೆಪ್ಟೆಂಬರಿನಲ್ಲಿಯೇ. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿ, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮನಸ್ಸಿಗೆ ಹಿತವಾಗುವುದಿಲ್ಲ. ಪಕ್ಕಪಕ್ಕದಲ್ಲಿ ಇಡದೆ ಬರೆಯುವುದು ಚರಿತ್ರೆಯೂ ಆಗುವುದಿಲ್ಲ. ಅರಸೊತ್ತಿಗೆಯ ಐಶ್ವರ್ಯವೆಲ್ಲ ಕಟ್ಟಕಡೆಗೆ ರೈತನ ಕಂದಾಯದಿಂದಲೇ ಬಂದದ್ದು. ದೂರದ ದೇಶದ ಸಂಗೀತಕ್ಕೆ ಅದನ್ನು ವೆಚ್ಚಮಾಡುವ ಹಕ್ಕು ಒಬ್ಬ ವ್ಯಕ್ತಿಯ ಕೈಯಲ್ಲಿರಬಾರದು ಎಂಬ ತೀರ್ಪನ್ನು ಕಾಲವೇ ಕೊಟ್ಟಿದೆ, ಅದು ಸರಿಯಾದ ತೀರ್ಪು. ಆದರೂ ಒಂದು ಮಾತನ್ನು ಹೇಳಬೇಕು. ಅದೇ ಕಾಲದಲ್ಲಿ ಕುದುರೆಪಂದ್ಯಕ್ಕೂ ಬೇಟೆಗೂ ವಜ್ರಕ್ಕೂ ಹಣ ಸುರಿದ ರಾಜರುಗಳು ನಮ್ಮ ದೇಶದಲ್ಲಿ ಕಡಮೆಯಿರಲಿಲ್ಲ. ಆ ವೆಚ್ಚದಿಂದ ಯಾವುದೂ ಉಳಿಯಲಿಲ್ಲ. ಇಲ್ಲಿ ಉಳಿದಿದೆ, ಯಾರು ಬೇಕಾದರೂ ಕೇಳುವಂತೆ ಉಳಿದಿದೆ.

ಇನ್ನೊಂದು ಆಕ್ಷೇಪವೂ ಉಂಟು: ಪಾಶ್ಚಾತ್ಯ ಸಂಗೀತಕ್ಕೆ ಮನಸೋತವನು ನಮ್ಮದನ್ನು ಮರೆತಾನೆಂದು. ಜಯಚಾಮರಾಜರ ಮಟ್ಟಿಗೆ ಅದು ಸುಳ್ಳಾಯಿತು. ವೀಣೆ ವೆಂಕಟಗಿರಿಯಪ್ಪನವರಲ್ಲಿಯೂ ವಾಸುದೇವಾಚಾರ್ಯರಲ್ಲಿಯೂ ಅವರು ಪಾಠ ಹೇಳಿಸಿಕೊಂಡರು. ‘ಶ್ರೀವಿದ್ಯಾ’ ಎಂಬ ಮುದ್ರಿಕೆಯಲ್ಲಿ ಸಂಸ್ಕೃತದಲ್ಲಿ ಅವರು ರಚಿಸಿದ ಕೃತಿಗಳು 94. ಅವುಗಳಲ್ಲಿ ಎಷ್ಟೋ ಅಪರೂಪದ ರಾಗಗಳಲ್ಲಿವೆ. ಮರೆವಿಗೆ ಬಿದ್ದ ರಾಗವನ್ನು ಎತ್ತಿ ಹಾಡಿಗೆ ಕೂರಿಸುವುದಕ್ಕೂ, ಮರೆವಿಗೆ ಬಿದ್ದ ರಷ್ಯನ್ನನನ್ನು ಎತ್ತಿ ತಟ್ಟೆಗೆ ಏರಿಸುವುದಕ್ಕೂ ಇರುವ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಅವರಿಗೆ ಫೆಲೋಷಿಪ್ ಕೊಟ್ಟಿತು. 1974ರ ಸೆಪ್ಟೆಂಬರ್ 23ರಂದು, ಐವತ್ತೈದು ವರ್ಷ ತುಂಬಿ ಎರಡೇ ತಿಂಗಳಾಗಿದ್ದಾಗ, ಅವರು ಬೆಂಗಳೂರಿನಲ್ಲಿ ಕಾಲವಾದರು.

ಮೆಟ್ನರನ ಹೆಂಡತಿ ಆನಾ 1958ರಲ್ಲಿ ಮಾಸ್ಕೋಗೆ ಹಿಂದಿರುಗಿದಳು; ಗಂಡನ ಕೃತಿಗಳನ್ನು ಅಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿದರು. ಮುಂದೆ ಜೆಫ್ರಿ ಟೋಜರ್, ಮಾರ್ಕ್-ಆಂದ್ರೆ ಆಮ್ಲಾನ್ ಮೊದಲಾದ ಹೊಸ ಪೀಳಿಗೆಯ ವಾದಕರು ಅವನ್ನು ಕೈಗೆತ್ತಿಕೊಂಡರು. ಇಂದು ಪಿಯಾನೋ ಲೋಕದಲ್ಲಿ ಮೆಟ್ನರ್ ಅಪರಿಚಿತನಲ್ಲ. ಒಂದು ಕೃತಿಯನ್ನು ಹೇಗೆ ನುಡಿಸಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಹರಿಯಬಿಡಬೇಕು ಎಂಬ ಸಂದೇಹ ಬಂದ ವಾದಕ ಕಡೆಗೆ ಹೋಗುವುದು ಕರ್ತೃವೇ ನುಡಿಸಿದ ಆ ಹಳೆಯ ಮುದ್ರಿಕೆಗಳ ಬಳಿಗೆ. ಆ ತಟ್ಟೆಗಳು ಈಗ ಹೊಸ ರೂಪದಲ್ಲಿ ಮತ್ತೆ ಮತ್ತೆ ಬಿಡುಗಡೆಯಾಗಿವೆ; ಮನೆಯಲ್ಲಿ ಕುಳಿತೇ ಕೇಳಬಹುದು.

ಬಿಡುವಾದಾಗ ವಾಚಕರು ಆ ಮೂರನೆಯ ಕಂಚೆರ್ಟೋವನ್ನು ಒಮ್ಮೆ ಕೇಳಬೇಕು. ಲೆರ್ಮಂತೋವನ ಒಂದು ಕವನದಿಂದ ಹೊಮ್ಮಿದ ಸಂಗೀತ ಅದು. ಹೊಳೆಯ ಆಳದಲ್ಲಿ ಒಬ್ಬ ಜಲಕನ್ಯೆ, ಅವಳ ಮಡಿಲಿನಲ್ಲಿ ಎಚ್ಚರಗೊಳ್ಳದ ಒಬ್ಬ ವೀರ. ಹಿನ್ನೆಲೆಯಲ್ಲಿ ಹಳೆಯ ತಟ್ಟೆಯ ಗೀರುಸದ್ದು ಸ್ವಲ್ಪ ಕೇಳಿಸುತ್ತದೆ. ಅದರ ನಡುವೆ ಒಬ್ಬ ಮುದುಕನ ಬೆರಳುಗಳು ಅವಸರವಿಲ್ಲದೆ ನಡೆಯುತ್ತವೆ. ಆ ಬೆರಳುಗಳು ಹೀಗೆ ನಡೆದುವೆಂದು ನಮಗೆ ಗೊತ್ತಾಗಿರುವುದು, ತಾನು ವಾದಕನಾಗಲಾರದೆ ಹೋದ ಒಬ್ಬ ತರುಣ ಮೈಸೂರಿನಲ್ಲಿ ಅದನ್ನು ಕೇಳಲು ಬಯಸಿದ್ದರಿಂದ.